ತಿದಿ, ಕೊಳವೆ, ಸಭೆ: ಸಣ್ಣ ಊರಿನ ಚರ್ಚ್ ಆರ್ಗನ್ನಿನ ಇತಿಹಾಸ ಮತ್ತು ಜೀರ್ಣೋದ್ಧಾರ

ಕೊಪ್ಪಳದಿಂದ ಹೊಸಪೇಟೆಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಗಿಣಿಗೇರಾ ಇದೆ. ಮಳೆ ನೆಚ್ಚಿದ ಹೊಲಗಳು, ಕಬ್ಬಿಣ ಕರಗಿಸುವ ಕಾರ್ಖಾನೆಗಳು, ದುಡಿಮೆಗಾಗಿ ಬೇರೆ ಬೇರೆ ಕಡೆಗಳಿಂದ ಬಂದು ನೆಲೆಸಿದ ಕುಟುಂಬಗಳು ಇಂದಿನ ಈ ಸೀಮೆಯ ಲಕ್ಷಣಗಳು. ಇಂಥ ಊರಿನ ಕ್ರೈಸ್ತ ಸಮುದಾಯಕ್ಕೂ ಯೂರೋಪಿನ ಮಹಾದೇವಾಲಯಗಳಲ್ಲಿ ಮೊಳಗುವ ಪೈಪ್ ಆರ್ಗನ್ನಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ನಮ್ಮ ಗುರುಮಠಗಳಲ್ಲಿ ವ್ಯಾಸಂಗ ಮಾಡುತ್ತಿರುವ ಅಭ್ಯರ್ಥಿಗಳಲ್ಲಿ ಹೆಚ್ಚಿನವರು ನಾಳೆ ಸೇವೆ ಸಲ್ಲಿಸಲಿರುವುದು ಇಂಥ ಊರುಗಳಲ್ಲಿಯೇ. ಅಲ್ಲಿನ ಹಳೆಯ ಚರ್ಚಿನ ಅಟ್ಟದ ಮೇಲೋ ಪೂಜಾವಸ್ತ್ರಗಳ ಕೋಣೆಯ ಮೂಲೆಯಲ್ಲೋ ತಿದಿ ಹರಿದು ಕುಳಿತ ಕಾಲುಪೇಟಿಯೊಂದು ಕಂಡುಬಂದರೆ ಅದನ್ನು ಗುಜರಿಗೆ ಹಾಕಬೇಕೆ, ದುರಸ್ತಿ ಮಾಡಿಸಬೇಕೆ, ಅದರ ಸ್ಥಾನದಲ್ಲಿ ವಿದ್ಯುತ್ ಕೀಬೋರ್ಡನ್ನು ತರಬೇಕೆ ಎಂದು ತೀರ್ಮಾನಿಸುವ ಹೊಣೆ ಧರ್ಮಕೇಂದ್ರದ ಗುರುವಿನ ಮೇಲೆ ಬರುತ್ತದೆ. ಆ ತೀರ್ಮಾನವು ಮೇಲ್ನೋಟಕ್ಕೆ ಖರ್ಚುವೆಚ್ಚದ ವಿಷಯ. ವಾಸ್ತವದಲ್ಲಿ ಅದು ಸಭೆ ಹಾಡಬೇಕೆ, ಕೇವಲ ಕೇಳಬೇಕೆ ಎಂಬ ದೈವಾರಾಧನೆಯ ವಿಷಯ. ಈ ದೃಷ್ಟಿಯಿಂದ ಆರ್ಗನ್ನಿನ ಇತಿಹಾಸವನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಉಸಿರಿನ ಯಂತ್ರ

ಪೈಪ್ ಆರ್ಗನ್ನಿನ ಮೂಲತತ್ತ್ವವು ನಮ್ಮವರಿಗೆ ಅಪರಿಚಿತವಲ್ಲ. ಕಮ್ಮಾರನ ಕುಲುಮೆಯ ತಿದಿ ಮತ್ತು ಗೋಪಾಲಕನ ಕೊಳಲು ಒಂದಾದರೆ ಆರ್ಗನ್ ಆಗುತ್ತದೆ. ತಿದಿಯು ಗಾಳಿಯನ್ನು ಒಂದು ಪೆಟ್ಟಿಗೆಯಲ್ಲಿ ಸಮನಾದ ಒತ್ತಡದಲ್ಲಿ ಕೂಡಿಡುತ್ತದೆ. ಮಣೆಯ ಮೇಲಿನ ಒಂದು ಕೀಲಿಯನ್ನು ಒತ್ತಿದಾಗ ಅದಕ್ಕೆ ಹೊಂದಿದ ಕೊಳವೆಯ ಬಾಯಿ ತೆರೆದು ಗಾಳಿ ನುಗ್ಗಿ ನಾದ ಹೊರಡುತ್ತದೆ. ಒಂದು ಕೊಳವೆಗೆ ಒಂದೇ ಸ್ವರ. ಉದ್ದ ಅರ್ಧವಾದರೆ ಸ್ವರ ಒಂದು ಸಪ್ತಕ ಮೇಲೇರುತ್ತದೆ. ಆದುದರಿಂದ ಎಷ್ಟು ಸ್ವರಗಳು ಬೇಕೋ ಅಷ್ಟು ಕೊಳವೆಗಳು ಬೇಕು. ನಾದದ ಬಣ್ಣ ಬದಲಾಗಬೇಕಾದರೆ ಮತ್ತೊಂದು ಸಾಲು ಕೊಳವೆಗಳೇ ಬೇಕು. ದೊಡ್ಡ ಆರ್ಗನ್ನುಗಳಲ್ಲಿ ಸಾವಿರಾರು ಕೊಳವೆಗಳಿರುವುದು ಈ ಕಾರಣದಿಂದ.

ಈ ವಾದ್ಯವು ಹುಟ್ಟಿದ್ದು ದೇವಾಲಯದಲ್ಲಿ ಅಲ್ಲವೆಂಬುದನ್ನು ನಾವು ನೆನಪಿಡಬೇಕು. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸ್ ಎಂಬ ಯಂತ್ರಶಿಲ್ಪಿ ನೀರಿನ ಭಾರದಿಂದ ಗಾಳಿಯ ಒತ್ತಡವನ್ನು ಸ್ಥಿರಗೊಳಿಸುವ ಆರ್ಗನ್ನನ್ನು ರೂಪಿಸಿದನು. ರೋಮನ್ನರ ಕಾಲದಲ್ಲಿ ಅದು ಕತ್ತಿಮಲ್ಲರು ಸೆಣಸುವ ರಂಗಮಂಟಪಗಳಲ್ಲಿ ನುಡಿಯಿತು. ಆದಿಕಾಲದ ಕ್ರೈಸ್ತರು ವಾದ್ಯಗಳ ಬಗೆಗೆ ಸಂಶಯ ತಾಳಿದ್ದರಲ್ಲಿ ಆಶ್ಚರ್ಯವಿಲ್ಲ. 757ರಲ್ಲಿ ಬೈಜಾಂಟಿಯಮ್ಮಿನ ಚಕ್ರವರ್ತಿ ಐದನೆಯ ಕಾನ್‌ಸ್ಟಂಟೈನನು ಫ್ರಾಂಕರ ರಾಜ ಪೆಪಿನನಿಗೆ ಒಂದು ಆರ್ಗನ್ನನ್ನು ಉಡುಗೊರೆಯಾಗಿ ಕಳುಹಿಸಿದನು. ಅದೂ ಅರಮನೆಯ ವೈಭವದ ವಸ್ತುವಾಗಿಯೇ ಬಂದಿತು. ಮುಂದೆ ಆಶ್ರಮಗಳು ಅದನ್ನು ಅಂಗೀಕರಿಸಿದವು. ಶತಮಾನಗಳು ಕಳೆದಂತೆ ಅದು ಪಶ್ಚಿಮದ ದೇವಾಲಯದ ದನಿಯೇ ಆಯಿತು. ಅಂದರೆ ಆರ್ಗನ್ನಿಗೆ ಹುಟ್ಟಿನಿಂದ ಬಂದ ಪಾವಿತ್ರ್ಯವೆಂಬುದಿಲ್ಲ. ಪ್ರಾರ್ಥಿಸುವ ಸಮುದಾಯಗಳು ತಲೆಮಾರುಗಳ ಕಾಲ ಬಳಸಿದ್ದರಿಂದ ಅದು ಪವಿತ್ರವಾಯಿತು. ಈ ಮಾತು ನಮ್ಮ ಪೇಟಿಗೂ ತಬಲಕ್ಕೂ ಅನ್ವಯಿಸುತ್ತದೆ.

ಪಾವನ ಗ್ರಂಥದ ಭಾಷಾಂತರದ ಇತಿಹಾಸವೂ ಇಲ್ಲಿ ಗಮನಾರ್ಹವಾದುದು. 150ನೆಯ ಕೀರ್ತನೆಯಲ್ಲಿ ಬರುವ 'ಉಗಾಬ್' ಎಂಬ ಹೀಬ್ರೂ ಪದ ಊದುವ ಕೊಳಲಿನಂಥ ವಾದ್ಯವನ್ನು ಸೂಚಿಸುತ್ತದೆ. ಲತೀನ್ ಅನುವಾದದಲ್ಲಿ ಅದು 'ಆರ್ಗನುಮ್' ಎಂದಾಯಿತು. ಆ ಪದಕ್ಕೆ ಮೊದಲಿಗೆ ಉಪಕರಣ ಎಂಬಷ್ಟೇ ಅರ್ಥವಿತ್ತು. ಪದದ ಅರ್ಥ ಕಾಲಕ್ರಮದಲ್ಲಿ ಒಂದು ವಾದ್ಯಕ್ಕೆ ಸೀಮಿತವಾದಂತೆ ಕೀರ್ತನಕಾರನ ಕೊಳಲೇ ಆರ್ಗನ್ ಆಗಿ ಕೇಳಿಸತೊಡಗಿತು.

ಭಾರತಕ್ಕೆ, ಕನ್ನಡ ನಾಡಿಗೆ

1500ರಲ್ಲಿ ಕಬ್ರಾಲನ ನೌಕಾಪಡೆಯೊಂದಿಗೆ ಭಾರತಕ್ಕೆ ಹೊರಟ ಫ್ರಾನ್ಸಿಸ್ಕನ್ ಸಂನ್ಯಾಸಿಗಳಲ್ಲಿ ಆರ್ಗನ್ ನುಡಿಸಬಲ್ಲ ಗುರುವೊಬ್ಬರಿದ್ದರು. ಮುಂದೆ ಗೋವೆಯ ದೇವಾಲಯಗಳಲ್ಲಿ ಆ ವಾದ್ಯ ಬಳಕೆಗೆ ಬಂದಿತು. ಅಕ್ಬರನ ಆಸ್ಥಾನಕ್ಕೂ ಅದು ತಲುಪಿತು. 1580ರ ಸುಮಾರಿಗೆ ಹಾಜಿ ಹಬೀಬುಲ್ಲಾ ಎಂಬವನು ತಂದ ಆರ್ಗನ್ನನ್ನು ಚರಿತ್ರಕಾರ ಬದಾಯೂನಿ ಬೆರಗಿನಿಂದ ವರ್ಣಿಸಿದ್ದಾನೆ. ಮೊಗಲರ ಆಸ್ಥಾನದಲ್ಲಿ ಅದು ನೋಡಿ ಬೆರಗಾಗುವ ವಿಚಿತ್ರ ವಸ್ತುವಾಗಿಯೇ ಉಳಿಯಿತು.

ಕನ್ನಡ ನಾಡಿನಲ್ಲಿ ಇದ್ದ ಅತ್ಯಂತ ಪ್ರಸಿದ್ಧ ಆರ್ಗನ್ ಚರ್ಚಿನದಲ್ಲ, ಯುದ್ಧದ ನೆನಪಿನದು. 1790ರ ದಶಕದಲ್ಲಿ ಟಿಪ್ಪು ಸುಲ್ತಾನನಿಗಾಗಿ ಮಾಡಿದ, ಯೂರೋಪಿನ ಸೈನಿಕನೊಬ್ಬನ ಮೇಲೆರಗಿದ ಮರದ ಹುಲಿಯ ಒಡಲೊಳಗೆ 18 ಸ್ವರಗಳ ಒಂದು ಕಿರು ಪೈಪ್ ಆರ್ಗನ್ ಇದೆ. ಹಿಡಿ ತಿರುಗಿಸಿದರೆ ಒಳಗಿನ ತಿದಿಗಳು ಹುಲಿಯ ಘರ್ಜನೆಯನ್ನೂ ಬಿದ್ದವನ ಆರ್ತನಾದವನ್ನೂ ಹೊರಡಿಸುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದನ್ನು ಲಂಡನ್ನಿಗೆ ಒಯ್ದರು. ಇಂದು ಅದು ಅಲ್ಲಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಖಂಗೊಂಡ ಅದನ್ನು ಯುದ್ಧಾನಂತರ ದುರಸ್ತಿ ಮಾಡಲಾಯಿತು. ಗಾಜಿನ ಪೆಟ್ಟಿಗೆಯೊಳಗಿನ ಅದನ್ನು ಇಂದು ಜನರು ನೋಡುತ್ತಾರೆ. ಅದರ ಜೊತೆಗೆ ಯಾರೂ ಹಾಡುವುದಿಲ್ಲ. ವಸ್ತುವಾಗಿ ಉಳಿಯುವುದೂ ವಾದ್ಯವಾಗಿ ಉಳಿಯುವುದೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆರಾಧನೆಗೆಂದೇ ತಂದ ಆರ್ಗನ್ನಿನ ನಿದರ್ಶನ ಬೆಂಗಳೂರಿನಲ್ಲಿದೆ. ಕಬ್ಬನ್ ರಸ್ತೆಯ ಸಂತ ಆಂಡ್ರೂ ಚರ್ಚು ಸ್ಕಾಟ್ಲೆಂಡಿನ ಪ್ರೆಸ್ಬಿಟೀರಿಯನ್ ಸಂಪ್ರದಾಯದವರಿಗಾಗಿ ಕಟ್ಟಲ್ಪಟ್ಟು 1866ರಲ್ಲಿ ತೆರೆಯಿತು. 1881ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಪೀಟರ್ ಕೊನಾಕರ್ ಸಂಸ್ಥೆ ನಿರ್ಮಿಸಿದ ಪೈಪ್ ಆರ್ಗನ್ನನ್ನು ಅಲ್ಲಿ ಸ್ಥಾಪಿಸಲಾಯಿತು. ದಂಡು ಪ್ರದೇಶದ ಸಭೆಗೆ ಅದನ್ನು ತರಿಸುವ ಶಕ್ತಿಯಿತ್ತು, ನುಡಿಸುವವರಿದ್ದರು, ಬೆಂಗಳೂರಿನ ಹವೆಯೂ ಹಿತವಾಗಿತ್ತು. ಈ ಮೂರೂ ಒಟ್ಟಿಗೆ ಒದಗುವುದು ಒಳನಾಡಿನ ಊರುಗಳಲ್ಲಿ ಸುಲಭವಾಗಿರಲಿಲ್ಲ.

ಬಿಸಿಲು, ಗೆದ್ದಲು ಮತ್ತು ಪೇಟಿ

ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳ ಬೇಸಿಗೆಯನ್ನು ಬಲ್ಲವರಿಗೆ ಇದರ ಕಾರಣವನ್ನು ವಿವರಿಸುವುದು ಕಷ್ಟವಲ್ಲ. ಕೊಳವೆಯೊಳಗಿನ ಗಾಳಿ ಬಿಸಿಯಾದಂತೆ ಸ್ವರ ಏರುತ್ತದೆ. ಚಳಿಗಾಲದ ನಸುಕಿನ 15 ಡಿಗ್ರಿಯಿಂದ ಬೇಸಿಗೆಯ 40 ಡಿಗ್ರಿಗೆ ಉಷ್ಣತೆ ಏರಿದರೆ ಸ್ವರವು ಅರೆಸ್ವರದ ಮುಕ್ಕಾಲು ಭಾಗದಷ್ಟು ಮೇಲೆ ಸರಿಯುತ್ತದೆ. ಕೊಳಲಿನ ಜಾತಿಯ ಕೊಳವೆಗಳೆಲ್ಲ ಒಟ್ಟಾಗಿ ಏರಿದರೂ ಲೋಹದ ನಾಲಿಗೆಯಿಂದ ನುಡಿಯುವ ಕೊಳವೆಗಳು ಅಷ್ಟು ಏರುವುದಿಲ್ಲ. ಒಂದೇ ವಾದ್ಯದೊಳಗೆ ಅಪಸ್ವರ ತಲೆದೋರುತ್ತದೆ. ಒಣಹವೆಗೆ ಗಾಳಿಪೆಟ್ಟಿಗೆಯ ಮರ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬಿ ಕೀಲಿಗಳು ಸಿಕ್ಕಿಕೊಳ್ಳುತ್ತವೆ. ಮರವನ್ನು ಗೆದ್ದಲು ತಿನ್ನುತ್ತದೆ, ತಿದಿಯ ತೊಗಲನ್ನು ಇಲಿ ಕಡಿಯುತ್ತದೆ. ಶ್ರುತಿ ಮಾಡುವವನು ನೂರಾರು ಮೈಲಿ ದೂರದಲ್ಲಿದ್ದರೆ ಅಂಥ ವಾದ್ಯಕ್ಕೆ ಮೌನವೇ ಗತಿ.

ಈ ತೊಡಕುಗಳಿಗೆ 19ನೆಯ ಶತಮಾನ ಕಂಡುಕೊಂಡ ಪರಿಹಾರವೇ ಹಾರ್ಮೋನಿಯಂ. ಪ್ಯಾರಿಸಿನ ಅಲೆಕ್ಸಾಂಡರ್ ಡೆಬೆಯ್ನ್ ಎಂಬವನು 1842ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದನು. ಇದರಲ್ಲಿ ಉದ್ದನೆಯ ಕೊಳವೆಗಳಿಲ್ಲ. ತಿದಿಯ ಗಾಳಿಗೆ ಹಿತ್ತಾಳೆಯ ಪುಟ್ಟ ರೀಡುಗಳು ಕಂಪಿಸಿ ನುಡಿಯುತ್ತವೆ. ಬಿಸಿಲಿಗೆ ಶ್ರುತಿ ಹೆಚ್ಚು ಕೆಡುವುದಿಲ್ಲ, ಗಾಡಿಯಲ್ಲಿಟ್ಟು ಸಾಗಿಸಬಹುದು. ಧರ್ಮಪ್ರಚಾರಕರು ಹೋದ ಕಡೆಯೆಲ್ಲ ಕಾಲಿನಿಂದ ತಿದಿ ಒತ್ತುವ ಈ ವಾದ್ಯ ಹಿಂಬಾಲಿಸಿತು. 1875ರ ಸುಮಾರಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷರು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿ ಒತ್ತಿ ಇನ್ನೊಂದರಿಂದ ನುಡಿಸುವ ರೂಪವನ್ನು ಬಳಕೆಗೆ ತಂದರು. ಯೂರೋಪಿನ ಚರ್ಚಿನ ವಾದ್ಯವು ಹೀಗೆ ಭಾರತೀಯರಂತೆ ಚಕ್ಕಳಮಕ್ಕಳ ಹಾಕಿ ಕುಳಿತುಕೊಂಡಿತು.

ನಮ್ಮ ಉತ್ತರ ಕರ್ನಾಟಕದಲ್ಲಿ ಇದು 'ಪೇಟಿ' ಎಂಬ ಹೆಸರು ಪಡೆಯಿತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಗದಗಿನ ಪಕ್ಕದ ಬೆಟಗೇರಿಯಲ್ಲಿ ಕೇಂದ್ರಗಳನ್ನು ಸ್ಥಾಪಿಸಿದರು. ಅವರೊಂದಿಗೆ ಜರ್ಮನ್ ಸಭಾಗೀತೆಗಳ ಧಾಟಿಗಳೂ ಬಂದವು. ಅದೇ ಬಳಗದ ಫರ್ಡಿನಾಂಡ್ ಕಿಟ್ಟೆಲರು ಬೇರೊಂದು ದಾರಿಯನ್ನೂ ತೋರಿಸಿದರು. 1862ರ ತಮ್ಮ 'ಕಥಾಮಾಲೆ'ಯಲ್ಲಿ ಯೇಸುಸ್ವಾಮಿಯ ಚರಿತ್ರೆಯನ್ನು ಅವರು ಕನ್ನಡದ ಛಂದಸ್ಸಿನಲ್ಲಿಯೇ ಹಾಡಿದರು. ಹೊರಗಿನ ಧಾಟಿಯನ್ನು ಕನ್ನಡದ ಮಾತಿಗೆ ತೊಡಿಸುವುದು, ಕನ್ನಡದ ಧಾಟಿಯಲ್ಲಿಯೇ ಶುಭಸಂದೇಶವನ್ನು ಹಾಡುವುದು ಎಂಬ ಎರಡೂ ಕ್ರಮಗಳಿಗೆ ಪೇಟಿಯು ಒದಗಿ ಬಂದಿತು. ಚರ್ಚಿನ ಹೊರಗೆ ಅದರ ಪಯಣ ಇನ್ನೂ ದೊಡ್ಡದು. ಕಂಪನಿ ನಾಟಕಗಳಲ್ಲಿ ಕಾಲುಪೇಟಿ ಬಾರಿಸುವ ಪೇಟಿ ಮಾಸ್ತರರು ರಂಗದ ಪ್ರಾಣವಾಗಿದ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಪೇಟಿಯಲ್ಲಿ ಅಸಾಧಾರಣ ಪರಿಣತಿ ಪಡೆದಿದ್ದರು. ಮೀಂಡನ್ನು ನುಡಿಸಲಾರದ ಪರದೇಶಿ ವಾದ್ಯವೆಂದು ಆಕಾಶವಾಣಿಯು 1940ರಿಂದ ಸುಮಾರು ಮೂರು ದಶಕಗಳ ಕಾಲ ಇದನ್ನು ದೂರವಿಟ್ಟಿತು. ಜನರಾದರೋ ದೂರವಿಡಲಿಲ್ಲ. ಮಠದ ಭಜನೆಯಲ್ಲಿಯೂ ಚರ್ಚಿನ ಬಲಿಪೂಜೆಯಲ್ಲಿಯೂ ಒಂದೇ ವಾದ್ಯ ನುಡಿಯುವುದು ನಮ್ಮ ಸೀಮೆಯ ಭಾಗ್ಯವೆಂದು ನಾವು ಭಾವಿಸುತ್ತೇವೆ.

ಆದುದರಿಂದ ಗಿಣಿಗೇರಾದಂಥ ಊರಿನಲ್ಲಿ ಪೈಪ್ ಆರ್ಗನ್ನಿನ ವಂಶದ ವಾದ್ಯವನ್ನು ಹುಡುಕುವವರು ಪೇಟಿಯ ಬಳಿ ನಿಲ್ಲಬೇಕು. ಅದನ್ನು ಕೇವಲ ಬಡವರ ಬದಲಿ ವ್ಯವಸ್ಥೆಯೆಂದು ತಿಳಿಯಬೇಕಿಲ್ಲ. ಸ್ಥಳೀಯ ವಸ್ತುವಿನಿಂದ, ಸ್ಥಳೀಯ ಕೈಗಳಿಂದ ಬಾಳಿದ ವಾದ್ಯದ ಘನತೆ ಎಂಥದೆಂಬುದನ್ನು ಅರಿಯಲು ನಾವು ಏಷ್ಯಾದ ಇನ್ನೊಂದು ಸಣ್ಣ ಊರಿಗೆ ಹೋಗಬೇಕು.

ಲಾಸ್ ಪಿನ್ಯಾಸಿನ ಬಿದಿರು

ಫಿಲಿಪೀನ್ಸಿನ ಮನಿಲಾ ನಗರದ ದಕ್ಷಿಣಕ್ಕಿರುವ ಲಾಸ್ ಪಿನ್ಯಾಸ್ 18ನೆಯ ಶತಮಾನದ ಕೊನೆಯಲ್ಲಿ ಕಡಲಂಚಿನ ಬಡ ಊರಾಗಿತ್ತು. ಸ್ಪೇನಿನವರಾದ ಡಿಯೇಗೊ ಸೆರಾ ಎಂಬ ಅಗಸ್ಟೀನಿಯನ್ ರೆಕೊಲೆಕ್ಟ್ ಗುರುಗಳು 1795ರಲ್ಲಿ ಅಲ್ಲಿನ ಧರ್ಮಕೇಂದ್ರಕ್ಕೆ ಬಂದರು. ಊರವರ ನೆರವಿನಿಂದ ಸಂತ ಜೋಸೆಫರ ಕಲ್ಲಿನ ಚರ್ಚನ್ನು ಕಟ್ಟಿಸಿದರು. ಆರ್ಗನ್ ನಿರ್ಮಾಣದ ವಿದ್ಯೆ ಅವರಿಗೆ ತಿಳಿದಿತ್ತು. ಲೋಹ ಕೊಳ್ಳುವ ಹಣವಿರಲಿಲ್ಲ. ಸುತ್ತ ಬೆಳೆದಿದ್ದ ಬಿದಿರನ್ನೇ ಅವರು ಆರಿಸಿಕೊಂಡರು. 1816ರಲ್ಲಿ ಕೆಲಸ ಆರಂಭವಾಯಿತು. ಕಡಿದ ಬಿದಿರನ್ನು ಕಡಲತೀರದ ಉಪ್ಪುಮರಳಿನಲ್ಲಿ ದೀರ್ಘಕಾಲ ಹೂತಿಟ್ಟು, ಹುಳು ಹಿಡಿಯದೆ ಉಳಿದವನ್ನು ಮಾತ್ರ ಕೊಳವೆಗಳಿಗೆ ಬಳಸಿದರು. ಬಿದಿರಿನ ಭಾಗ 1821ರಲ್ಲಿ ಮುಗಿಯಿತು. ತುತ್ತೂರಿಯ ನಾದವನ್ನು ಬಿದಿರಿನಿಂದ ಹೊರಡಿಸಲಾಗದೆಂದು ಅದಕ್ಕೆ ಮಾತ್ರ ಲೋಹದ ಕೊಳವೆಗಳನ್ನು ಸೇರಿಸಿ 1824ರಲ್ಲಿ ವಾದ್ಯವನ್ನು ಪೂರ್ಣಗೊಳಿಸಿದರು. ಒಟ್ಟು 1031 ಕೊಳವೆಗಳಲ್ಲಿ 902 ಬಿದಿರಿನವು, 129 ಲೋಹದವು.

ಇಲ್ಲಿ ಗಮನಿಸಬೇಕಾದುದು ಗುರುಗಳ ಜಾಣತನವಷ್ಟೇ ಅಲ್ಲ, ಅವರ ವಿವೇಚನೆ. ಬಿದಿರು ನುಡಿಯಬಲ್ಲ ಕಡೆ ಬಿದಿರನ್ನು ನಂಬಿದರು, ಅದರಿಂದಾಗದ ಕಡೆ ಲೋಹವನ್ನು ತಂದರು. ಸಂಸ್ಕೃತೀಕರಣದ ಕುರಿತು ಗುರುಮಠಗಳಲ್ಲಿ ನಾವು ನಡೆಸುವ ಚರ್ಚೆಗಳಲ್ಲಿ, ಎಲ್ಲವೂ ದೇಶೀಯವಾಗಿರಬೇಕು ಅಥವಾ ಎಲ್ಲವೂ ಪರಂಪರಾಗತವಾಗಿರಬೇಕು ಎಂಬ ಎರಡು ಹಟಗಳು ಎದುರುಬದುರಾಗುವುದುಂಟು. 902 ಮತ್ತು 129 ಎಂಬ ಆ ಲೆಕ್ಕ ಎರಡೂ ಹಟಗಳಿಗೆ ಉತ್ತರ ಕೊಡುತ್ತದೆ.

ಮುಂದಿನ ಕಥೆ ಸುಖದ್ದಲ್ಲ. 1829ರ ಭೂಕಂಪ ವಾದ್ಯಕ್ಕೆ ಹಾನಿ ಮಾಡಿತು. 1880ರ ಭೂಕಂಪ ಚರ್ಚಿನ ಚಾವಣಿಯನ್ನೇ ಕೆಡವಿತು. 1882ರ ಬಿರುಗಾಳಿ ಉಳಿದುದನ್ನು ಘಾಸಿಗೊಳಿಸಿತು. ವಾದ್ಯ ದಶಕಗಳ ಕಾಲ ನುಡಿಯದಾಯಿತು. 1917ರಲ್ಲಿ ಊರವರು ಭಾಗಶಃ ದುರಸ್ತಿ ಮಾಡಿಸಿದರು. ಸಂಪೂರ್ಣ ಜೀರ್ಣೋದ್ಧಾರಕ್ಕೆ 1973ರವರೆಗೆ ಕಾಯಬೇಕಾಯಿತು. ಆ ವರ್ಷ ವಾದ್ಯವನ್ನು ಬಿಚ್ಚಿ, ಜರ್ಮನಿಯ ಬಾನ್ ನಗರದ ಕ್ಲೈಸ್ ಸಂಸ್ಥೆಯವರಿಗೆ ಒಪ್ಪಿಸಲಾಯಿತು. ಜರ್ಮನಿಯ ಒಣಚಳಿಗೆ ಬಿದಿರು ಸೀಳದಂತೆ ಫಿಲಿಪೀನ್ಸಿನ ತೇವ ಮತ್ತು ಸೆಕೆಯನ್ನು ಹೋಲುವ ಹವೆಯ ಕೋಣೆಯನ್ನು ಅವರು ಏರ್ಪಡಿಸಿದರು. ಅದೇ ಕಾಲದಲ್ಲಿ ಊರಿನಲ್ಲಿ ಚರ್ಚಿನ ಕಟ್ಟಡವನ್ನೂ ಅದರ ಹಳೆಯ ರೂಪಕ್ಕೆ ತರಲಾಯಿತು. 1975ರಲ್ಲಿ ವಾದ್ಯ ಮರಳಿ ಬಂದು ನುಡಿಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಪರದೇಶದ ಹಣ ಮತ್ತು ಕೌಶಲದ ಕಥೆಯಾಗುತ್ತಿತ್ತು. 1976ರಿಂದ ಪ್ರತಿ ವರ್ಷ ಅಲ್ಲಿ ಆರ್ಗನ್ ಉತ್ಸವ ನಡೆಯುತ್ತಿದೆ. ಊರಿನ ಮಕ್ಕಳು ಗಾನವೃಂದದಲ್ಲಿ ತರಬೇತಿ ಪಡೆದು ಬೆಳೆದರು. ಯೂರೋಪಿನಲ್ಲಿ ವಿದ್ಯೆ ಕಲಿತು ಬಂದ ಸ್ಥಳೀಯರಿಂದ 1994ರಲ್ಲಿ ಡಿಯೇಗೊ ಸೆರಾ ಅವರ ಹೆಸರಿನಲ್ಲಿಯೇ ಆರ್ಗನ್ ನಿರ್ಮಿಸುವ ಕಾರ್ಯಾಗಾರವೊಂದು ಸ್ಥಾಪನೆಯಾಯಿತು. ಅದು ತನ್ನ ಊರಿನ ವಾದ್ಯವನ್ನು ಕಾಯುವುದರ ಜೊತೆಗೆ ದೇಶದ ಇತರ ಹಳೆಯ ಆರ್ಗನ್ನುಗಳನ್ನೂ ದುರಸ್ತಿ ಮಾಡಿತು. ಮೊದಲ ಬಾರಿ ವಾದ್ಯವು ಜರ್ಮನಿಗೆ ಹೋಗಬೇಕಾಯಿತು. ನಂತರ ವಿದ್ಯೆಯೇ ಊರಿಗೆ ಬಂದಿತು. ಜೀರ್ಣೋದ್ಧಾರ ಪೂರ್ಣವಾದುದು ಆಗ.

ಖಂಡಸ್ಫುಟಿತ ಜೀರ್ಣೋದ್ಧಾರ

ಈ ವಿವೇಕವು ನಮ್ಮ ನೆಲಕ್ಕೆ ಹೊಸದಲ್ಲ. ಗಿಣಿಗೇರಾದಿಂದ ಬಹಳ ದೂರವಿಲ್ಲದ ಇಟಗಿಯಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ದೇವಾಲಯ ಇಂದಿಗೂ ನಿಂತಿದೆ. ಆ ಯುಗದ ಕನ್ನಡ ಶಾಸನಗಳನ್ನು ಓದಿದವರಿಗೆ ಎರಡು ನುಡಿಗಟ್ಟುಗಳು ಪರಿಚಿತ. ಒಂದು, ಒಡೆದುದನ್ನೂ ಬಿರುಕು ಬಿಟ್ಟುದನ್ನೂ ಸರಿಪಡಿಸಲು ನೀಡುವ 'ಖಂಡಸ್ಫುಟಿತ ಜೀರ್ಣೋದ್ಧಾರ'ದ ದತ್ತಿ. ಇನ್ನೊಂದು, ನಿತ್ಯದ ಪೂಜೆ ಮತ್ತು ಸಂಗೀತ ನೃತ್ಯಗಳ ಸೇವೆ ನಡೆಯಲು ನೀಡುವ 'ಅಂಗಭೋಗ ರಂಗಭೋಗ'ದ ದತ್ತಿ. ದಾನಿಗಳು ಕಟ್ಟಡಕ್ಕೆ ಮಾತ್ರ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಹಾಡುವವರ, ಬಾರಿಸುವವರ ಜೀವನಕ್ಕೂ ಭೂಮಿ ಬಿಟ್ಟರು. ಒಂದು ದತ್ತಿ ಇನ್ನೊಂದಿಲ್ಲದೆ ನಿಲ್ಲದೆಂಬುದು ಅವರಿಗೆ ಗೊತ್ತಿತ್ತು. ನಮ್ಮ ಚರ್ಚುಗಳಲ್ಲಿ ವಾದ್ಯಕ್ಕೆ ದಾನಿಗಳು ದೊರೆಯುತ್ತಾರೆ, ಅದರ ಮೇಲೆ ಹೆಸರನ್ನೂ ಬರೆಸುತ್ತಾರೆ. ನುಡಿಸಲು ಕಲಿಯುವ ಹುಡುಗಿಗೆ ಮೂರು ವರ್ಷ ಪಾಠದ ಶುಲ್ಕ ಕೊಡುವ ದಾನಿ ವಿರಳ. ನಮ್ಮ ರಂಗಭೋಗದ ದತ್ತಿ ಬತ್ತಿಹೋಗಿದೆ.

ಹಳೆಯ ವಾದ್ಯವೊಂದು ಕೈಗೆ ಬಂದಾಗ ಧರ್ಮಕೇಂದ್ರದ ಗುರು ಪಾಲಿಸಬಹುದಾದ ಕ್ರಮವನ್ನು ಮೇಲಿನ ಇತಿಹಾಸದಿಂದಲೇ ಹೆಕ್ಕಬಹುದು. ಮೊದಲನೆಯದಾಗಿ, ಮುಟ್ಟುವ ಮುನ್ನ ದಾಖಲಿಸಬೇಕು. ವಾದ್ಯದ ಮೇಲಿನ ಹೆಸರು, ಸಂಖ್ಯೆ, ಒಳಗಿನ ಬರಹ, ಬಿಡಿಭಾಗಗಳ ಚಿತ್ರ, ಹಿರಿಯರ ನೆನಪು ಇವೆಲ್ಲ ಧರ್ಮಕೇಂದ್ರದ ದಫ್ತರಿನಲ್ಲಿ ಸೇರಬೇಕು. ಎರಡನೆಯದಾಗಿ, ತೆಗೆದ ಮೂಲಭಾಗವನ್ನು ಎಸೆಯಬಾರದು, ಮತ್ತೆ ಬಿಚ್ಚಲಾಗದ ರೀತಿಯಲ್ಲಿ ಹೊಸದನ್ನು ಅಂಟಿಸಬಾರದು. ಪೇಟಿಯ ರೀಡು ನುಡಿಯದಿದ್ದರೆ ಹಲವು ಬಾರಿ ಅದರ ಕೆಳಗೆ ಸಿಕ್ಕ ಧೂಳು ಮಾತ್ರ ಕಾರಣವಾಗಿರುತ್ತದೆ. ರೀಡಿನ ತುದಿಯನ್ನು ಉಜ್ಜಿದರೆ ಶ್ರುತಿ ಏರುತ್ತದೆ, ಬುಡವನ್ನು ಉಜ್ಜಿದರೆ ಇಳಿಯುತ್ತದೆ. ಆದರೆ ಉಜ್ಜಿ ಹೋದ ಹಿತ್ತಾಳೆ ಮರಳಿ ಬರುವುದಿಲ್ಲ. ಅವಸರದ ಕೈಗೆ ವಾದ್ಯವನ್ನು ಒಪ್ಪಿಸಬಾರದೆಂಬುದಕ್ಕೆ ಇದೇ ಕಾರಣ. ಮೂರನೆಯದಾಗಿ, ನೆರೆಯ ಕೈಗಳನ್ನು ಹುಡುಕಬೇಕು. ನಾಟಕ ಮಂಡಳಿಗಳ, ಭಜನಾ ಸಂಘಗಳ ಪೇಟಿಗಳನ್ನು ಸರಿಪಡಿಸುವವರು ನಮ್ಮ ನಡುವೆ ಇದ್ದಾರೆ. ಮರದ ಕೆಲಸಕ್ಕೆ ಕಿನ್ನಾಳದ ಚಿತ್ರಗಾರರ ಪರಂಪರೆ ಕೊಪ್ಪಳದ ಪಕ್ಕದಲ್ಲಿಯೇ ಇದೆ. ಅನ್ಯಧರ್ಮೀಯ ಕುಶಲಕರ್ಮಿಯೊಬ್ಬನು ಚರ್ಚಿನ ವಾದ್ಯಕ್ಕೆ ದನಿ ಮರಳಿಸುವುದು ಭಾಷಣಗಳಿಗಿಂತ ಮಿಗಿಲಾದ ಅಂತರಧರ್ಮೀಯ ಸಂವಾದವಾಗಬಲ್ಲದು. ನಾಲ್ಕನೆಯದಾಗಿ, ದುರಸ್ತಿಯ ಲೆಕ್ಕದಲ್ಲಿಯೇ ಕಲಿಯುವವರ ಲೆಕ್ಕವನ್ನೂ ಬರೆಯಬೇಕು. ನುಡಿಸುವವರು ಯಾರೆಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ದುರಸ್ತಿಗೆ ಕೈಹಾಕದೆ ಮೊದಲು ಮಕ್ಕಳಿಗೆ ಪಾಠ ಆರಂಭಿಸುವುದು ಲೇಸು.

ಸಭೆಯ ದನಿ

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1903ರಲ್ಲಿ ಹತ್ತನೆಯ ಭಕ್ತಿನಾಥರು ಆರ್ಗನ್ನನ್ನು ಅಂಗೀಕರಿಸಿ ಪಿಯಾನೊ ಮುಂತಾದವನ್ನು ದೇವಾಲಯದಿಂದ ಹೊರಗಿರಿಸಿದ್ದರು. 1958ರ ರೋಮಿನ ಆದೇಶವು ನಾದ ತಕ್ಕದ್ದಾಗಿದ್ದರೆ ಹಾರ್ಮೋನಿಯಂ ಬಳಸಬಹುದೆಂದಿತು. ವಿದ್ಯುತ್ ಆರ್ಗನ್ನನ್ನು ತಾತ್ಕಾಲಿಕವಾಗಿ ಸಹಿಸಿಕೊಳ್ಳಬಹುದೆಂದಿತು. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ದೈವಾರಾಧನೆಯ ಸಂವಿಧಾನವು ತನ್ನ 120ನೆಯ ಪರಿಚ್ಛೇದದಲ್ಲಿ ಪೈಪ್ ಆರ್ಗನ್ನಿಗೆ ಲತೀನ್ ಸಭೆಯಲ್ಲಿ ಉನ್ನತ ಗೌರವವನ್ನು ವಿಧಿಸುತ್ತಲೇ, ಪವಿತ್ರ ಬಳಕೆಗೆ ಯೋಗ್ಯವಾದ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಅದಕ್ಕೆ ಹಿಂದಿನ ಪರಿಚ್ಛೇದವು ಜನರ ಸ್ವಂತ ಸಂಗೀತ ಪರಂಪರೆಗೆ ಮನ್ನಣೆ ಕೊಡಬೇಕೆಂದಿತು. ಇಡೀ ಸಂವಿಧಾನದ ಹಂಬಲವಾದರೋ ಭಕ್ತಜನರ ಪೂರ್ಣ, ಪ್ರಜ್ಞಾಪೂರ್ವಕ, ಸಕ್ರಿಯ ಭಾಗವಹಿಸುವಿಕೆ. ವಾದ್ಯವನ್ನು ಅಳೆಯಬೇಕಾದ ಕೋಲು ಇದೇ.

ಈ ಕೋಲಿನಿಂದ ಅಳೆದಾಗ ವಿದ್ಯುತ್ ಕೀಬೋರ್ಡು ತನ್ನಷ್ಟಕ್ಕೆ ಕೆಟ್ಟದ್ದೇನಲ್ಲ. ಅಗ್ಗ, ಹಗುರ, ಶ್ರುತಿ ತಪ್ಪದು. ಆದರೆ ಗುಂಡಿ ಒತ್ತಿದರೆ ತಾನೇ ಬಾರಿಸುವ ತಾಳ ಸಭೆಯ ಉಸಿರಿಗಾಗಿ ಕಾಯುವುದಿಲ್ಲ. ಧ್ವನಿವರ್ಧಕದ ಅಬ್ಬರದಲ್ಲಿ ಹಿಂದಿನ ಸಾಲಿನ ಅಜ್ಜಿಗೆ ತನ್ನ ದನಿ ತನಗೇ ಕೇಳಿಸುವುದಿಲ್ಲ. ಕೇಳಿಸದ ದನಿ ಕ್ರಮೇಣ ಮೌನವಾಗುತ್ತದೆ. ತಿದಿಯ ವಾದ್ಯಕ್ಕೆ ಉಸಿರು ಮುಗಿಯುತ್ತದೆ. ನುಡಿಸುವವನು ಸಭೆಯೊಂದಿಗೆ ಉಸಿರು ತೆಗೆದುಕೊಳ್ಳಲೇಬೇಕು. ಪಾವನ ಗ್ರಂಥದಲ್ಲಿ ದೇವರು ಮಣ್ಣಿನ ಮನುಷ್ಯನ ಮೂಗಿನಲ್ಲಿ ಊದಿದ ಶ್ವಾಸವೂ, ಪುನರುತ್ಥಾನದ ಸಂಜೆ ಯೇಸುಸ್ವಾಮಿ ಶಿಷ್ಯರ ಮೇಲೆ ಊದಿದ ಉಸಿರೂ ಆರಾಧನೆಯ ಮೂಲ. ಉಸಿರಿಲ್ಲದ ಸ್ತುತಿಯನ್ನು 150ನೆಯ ಕೀರ್ತನೆ ಬಲ್ಲದೇ ಇಲ್ಲ.

ಬಡವರ ನಡುವೆ ವಾದ್ಯಕ್ಕೆ ಹಣ ವೆಚ್ಚ ಮಾಡುವುದು ಸರಿಯೇ ಎಂಬ ಆಕ್ಷೇಪವನ್ನು ನಾವು ಹಗುರವಾಗಿ ಕಾಣಲಾರೆವು. ಬೆಥಾನಿಯದಲ್ಲಿ ಮುನ್ನೂರು ದಿನಾರಿಗಳ ಪರಿಮಳದ್ರವ್ಯದ ಬಗೆಗೆ ಯೂದನು ಎತ್ತಿದ ಪ್ರಶ್ನೆ ಕಪಟದಿಂದ ಕೂಡಿತ್ತೆಂದು ಶುಭಸಂದೇಶಕಾರ ಯೊವಾನ್ನನು ಹೇಳುತ್ತಾನೆ. ಆದರೂ ಅದೇ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳುವ ಬಡವರು ನಮ್ಮ ಸಭೆಗಳಲ್ಲಿದ್ದಾರೆ. ಅವರಿಗೆ ಕೊಡಬಹುದಾದ ಉತ್ತರ ಒಂದೇ. ದುರಸ್ತಿಯಾದ ವಾದ್ಯ ಅವರ ಮಕ್ಕಳ ಕೈಗೆ ಸಿಗಬೇಕು. ಕಾರ್ಖಾನೆಯ ಕೂಲಿಯವನ ಮಗಳು ಕಲಿತು ನುಡಿಸಿದರೆ ಆ ವೆಚ್ಚ ಬಡವರದ್ದೇ ಸಂಪತ್ತಾಗುತ್ತದೆ. ಬೀಗ ಹಾಕಿದ ಅಟ್ಟದಲ್ಲಿ ಹೊಳೆಯುತ್ತ ಕುಳಿತರೆ ಆಕ್ಷೇಪ ಸರಿಯಾದುದೆಂದೇ ಒಪ್ಪಬೇಕಾಗುತ್ತದೆ.

2006ರ ಸೆಪ್ಟೆಂಬರ್ 13ರಂದು ರೇಗನ್ಸ್‌ಬುರ್ಗಿನ ಪುರಾತನ ದೇವಾಲಯವೊಂದರಲ್ಲಿ ಹೊಸ ಆರ್ಗನ್ನನ್ನು ಆಶೀರ್ವದಿಸುತ್ತ ಹದಿನಾರನೆಯ ಬೆನೆಡಿಕ್ಟರು, ಆರ್ಗನ್ನಿನ ಅನೇಕ ಕೊಳವೆಗಳನ್ನು ಶ್ರುತಿಗೂಡಿಸುವುದನ್ನು ಸಭೆಯು ವಿಶ್ವಾಸದ ಅನ್ಯೋನ್ಯತೆಯ ಮೂಲಕ ಮತ್ತೆ ಮತ್ತೆ ಸಾಮರಸ್ಯ ಕಂಡುಕೊಳ್ಳುವುದಕ್ಕೆ ಹೋಲಿಸಿದರು. ಒಮ್ಮೆ ಕೂಡಿಸಿದ ಶ್ರುತಿ ಹಾಗೆಯೇ ನಿಲ್ಲುವುದಿಲ್ಲ; ಬಿಸಿಲು ಮಳೆಗಳೊಂದಿಗೆ ಸರಿಯುತ್ತ ಹೋಗುತ್ತದೆ, ಮತ್ತೆ ಮತ್ತೆ ಕೂಡಿಸಬೇಕಾಗುತ್ತದೆ. ಧರ್ಮಕೇಂದ್ರದ ಪಾಲನೆಯೂ ಅಂಥದೇ. ಅಟ್ಟದ ಮೇಲಿನ ಹಳೆಯ ಪೇಟಿಯನ್ನು ಮೊದಲ ಬಾರಿ ತೆರೆಯುವ ಯುವಗುರುಗಳು ಅದರ ಬೆಲೆಯನ್ನು ವಿಚಾರಿಸುವ ಮುನ್ನ, ಊರಿನಲ್ಲಿ ಹಾಡಬಲ್ಲವರು ಯಾರಿದ್ದಾರೆ, ಕಲಿಯಬಯಸುವವರು ಯಾರಿದ್ದಾರೆ ಎಂದು ವಿಚಾರಿಸಲಿ. ಜೀರ್ಣೋದ್ಧಾರದ ಮೊದಲ ಕೆಲಸ ಅದು. ತಿದಿಗೆ ಹೊಸ ತೊಗಲು ಹಾಕಿಸುವುದು ಎರಡನೆಯದು.